ಪುಟ್ಟ ತೊಟ್ಟಿಗೆ ತಕ್ಕ ಮೀನು

ಎಳವೆಯಲ್ಲಿ ಮೀನು ಸಾಕುವ ಹವ್ಯಾಸವಿದ್ದು, ಹೊಟ್ಟೆಪಾಡಿಗಾಗಿ ಊರು ಬಿಟ್ಟ ತರುವಾಯ ಅದನ್ನು ಕೈಬಿಟ್ಟವರು ನಮ್ಮ ಬಂಧುಗಳಲ್ಲಿ ಅನೇಕರಿದ್ದಾರೆ. ನಿಗಡಿಯಲ್ಲಿ ಒಂದು ಖೋಲಿ, ಒಂದು ಅಡುಗೆಮನೆಯ ಬಿಡಾರ ಕೂಡಿಬಂದ ಮೇಲೆ, ಮಕ್ಕಳ ಒತ್ತಾಯದಿಂದಲೋ ಸ್ವಂತ ಆಸೆಯಿಂದಲೋ ಅವರು ಪುನಃ ಅದರತ್ತ ತಿರುಗುವುದು ಸಂತೋಷದ ಸಂಗತಿಯೇ ಸರಿ. ದಿನವಿಡೀ ಗಿರಾಕಿಗಳ ಕೂಗು, ತಟ್ಟೆ ಲೋಟಗಳ ಸದ್ದು ಕೇಳಿ ಬಂದವನಿಗೆ ಸದ್ದಿಲ್ಲದ ಜೀವಿಯ ಸಹವಾಸ ಹಿತಕರವಾದುದು. ಆದರೆ ಅಂಗಡಿಗೆ ಹೋದೊಡನೆ ಇವರು ಮಾಡುವ ಆಯ್ಕೆಯನ್ನು ನಾವು ಒಪ್ಪಲಾರೆವು.

ಹೆಚ್ಚಿನವರ ಕಣ್ಣು ಬೀಳುವುದು ಸಿಕ್ಲಿಡ್ ಎಂಬ ಕುಲದ ಮೀನುಗಳ ಮೇಲೆ. ಬಣ್ಣವುಂಟು, ಬುದ್ಧಿಯುಂಟು, ಮರಿಗಳನ್ನು ಕಾಯುವ ಗುಣವೂ ಉಂಟು. ಆದರೆ ಈ ಕುಲದಲ್ಲಿ ಬೆರಳುದ್ದದ್ದೂ ಇದೆ, ಮೊಳದುದ್ದದ್ದೂ ಇದೆ. ಕೆಲವು ಹೋಟೆಲುಗಳ ಗಲ್ಲಾದ ಪಕ್ಕದಲ್ಲಿ ಅದೃಷ್ಟದ ಹೆಸರಿನಲ್ಲಿ ಇಟ್ಟಿರುವ, ಹಣೆಯ ಮೇಲೆ ಗಡ್ಡೆಯುಳ್ಳ ಫ್ಲವರ್‌ಹಾರ್ನ್ ಈ ಕುಲದ್ದೇ. ಅದು ಯಾವ ನದಿಯದೂ ಅಲ್ಲ. 1990ರ ದಶಕದಲ್ಲಿ ಮಲೇಷ್ಯಾದವರು ಅಮೆರಿಕದ ಜಾತಿಗಳನ್ನು ಬೆರಸಿ ಹುಟ್ಟಿಸಿದ್ದು. (ಗಿರಾಕಿ ಬರುವುದು ಸಾಂಬಾರಿನ ರುಚಿಗೇ ಹೊರತು ಮೀನಿನ ಹಣೆ ನೋಡಿಯಲ್ಲ ಎಂಬುದು ನಮ್ಮ ಅನುಭವ.) ಅಂಗಡಿಯಲ್ಲಿ ಎರಡಂಗುಲವಿರುವ ಈ ಮೀನೂ, ಅಮೆಝಾನಿನ ಆಸ್ಕರ್ ಮೀನೂ ಒಂದಡಿಯವರೆಗೆ ಬೆಳೆಯುತ್ತವೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಹಿಡಿಯುವ ನೀರು ಸುಮಾರು 50 ಲೀಟರು. ಅದರಲ್ಲಿ ಒಂದಡಿಯ ಮೀನು ಮೈ ಹೊರಳಿಸುವುದಾದರೂ ಹೇಗೆ? ತೊಟ್ಟಿ ಸಣ್ಣದಾದರೆ ಮೀನೂ ಸಣ್ಣದಾಗಿಯೇ ಉಳಿಯುತ್ತದೆಂದು ವ್ಯಾಪಾರಿಗಳು ಸಮಾಧಾನ ಹೇಳುತ್ತಾರೆ. ಉಳಿಯುವುದುಂಟು, ರೋಗಿಷ್ಠವಾಗಿ. ದೊಡ್ಡ ತೊಟ್ಟಿಯನ್ನೇ ತರೋಣವೆಂದರೆ, ನಾಲ್ಕಡಿಯ ತೊಟ್ಟಿಯಲ್ಲಿ ಕಾಲು ಟನ್ನಿನಷ್ಟು ನೀರು ಹಿಡಿದೀತು. ಹನ್ನೊಂದು ತಿಂಗಳ ಕರಾರಿನಲ್ಲಿ ಬಿಡಾರ ಬದಲಿಸುವವನು ಅದನ್ನು ಎಲ್ಲಿಗೆ ಹೊತ್ತಾನು?

ಹಾಗಾದರೆ ತರತಕ್ಕದ್ದು ಯಾವುದು? ಆರೆಂಜ್ ಕ್ರೋಮೈಡಿನ ಒಂದು ಜೋಡಿ ಎಂಬುದು ನಮ್ಮ ಅಭಿಪ್ರಾಯ. ಸಿಕ್ಲಿಡ್‌ಗಳಲ್ಲಿ ಬಹುಪಾಲು ಆಫ್ರಿಕಾ ಮತ್ತು ಅಮೆರಿಕ ಖಂಡಗಳವು. ಭಾರತಕ್ಕೆ ಸಹಜವಾದವು ಮೂರೇ. ಕೇರಳದವರು ಕರಿಮೀನ್ ಎಂದು ಕರೆದು, 2010ರಲ್ಲಿ ತಮ್ಮ ರಾಜ್ಯದ ಮೀನೆಂದು ಸಾರಿದ್ದು ಒಂದು. ಅದು ನಮ್ಮ ತೊಟ್ಟಿಗೆ ದೊಡ್ಡದು. ಎರಡನೆಯದೇ ಈ ಆರೆಂಜ್ ಕ್ರೋಮೈಡ್. ಮೂರಂಗುಲ ಮೀರುವುದು ವಿರಳ. ಮೈ ಕಿತ್ತಳೆ ಹಳದಿ. ಅಳಿವೆಯ ಸವುಳು ನೀರು ಇದಕ್ಕೆ ಪ್ರಿಯವಾದರೂ ಸಿಹಿನೀರಿಗೂ ಒಗ್ಗುತ್ತದೆ. ಅಂಗಡಿಯವನು ಯಾವ ನೀರಿನಲ್ಲಿಟ್ಟಿದ್ದನೆಂದು ಕೇಳಿಕೊಂಡು ತರಬೇಕು. ಗಂಡು ಹೆಣ್ಣುಗಳ ಗುರುತು ಕಷ್ಟವಾದುದರಿಂದ ಐದಾರು ಮರಿಗಳನ್ನು ತಂದು, ಜೋಡಿ ತಾನಾಗಿ ಕೂಡಿದ ಮೇಲೆ ಉಳಿದವನ್ನು ಹಿಂದಿರುಗಿಸುವಂತೆ ಮೊದಲೇ ಮಾತಾಡಿಕೊಳ್ಳುವುದು ಲೇಸು. ತಂದೆತಾಯಿಗಳಿಬ್ಬರೂ ಮೊಟ್ಟೆ ಕಾಯುತ್ತವೆ. ಮರಿಗಳು ಅವುಗಳ ಮೈಗೆ ಬಾಯಿ ತಾಗಿಸಿ ಲೋಳೆಯನ್ನೇ ಉಣ್ಣುತ್ತವೆ. ಇದನ್ನು ಕಂಡ ಮಕ್ಕಳು ಟೆಲಿವಿಷನ್ ಮರೆಯುತ್ತಾರೆ.

ಮೂರನೆಯ ಮೀನಿನ ಶಾಸ್ತ್ರೀಯ ಹೆಸರಿನಲ್ಲೇ ನಮ್ಮ ಕೆನರಾ ಇದೆ. 1877ರಲ್ಲಿ ಫ್ರಾನ್ಸಿಸ್ ಡೇ ಎಂಬ ಆಂಗ್ಲ ವಿದ್ವಾಂಸರು ನಾಮಕರಣ ಮಾಡಿದ ಇದರ ನೆಲೆ ಮುಖ್ಯವಾಗಿ ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರಾ ನದಿಗಳು. ಊರಿನ ಅಭಿಮಾನದಿಂದ ಅದನ್ನೇ ತರಿಸುವ ಹುಮ್ಮಸ್ಸು ಕೆಲವರಿಗೆ ಬಂದೀತು. ಬರಬಾರದು. ಅಳಿವಿನ ಅಪಾಯದಲ್ಲಿರುವ ಮೀನುಗಳ ಪಟ್ಟಿಗೆ ಅದು ಸೇರಿದೆ. ನದಿಯಿಂದ ಹಿಡಿದು ತಂದುದನ್ನು ಕೊಳ್ಳುವುದು ಅಭಿಮಾನವೆನಿಸದು.

ನೀರಿನ ಮಾತು. ಪಿಂಪ್ರಿ ಚಿಂಚವಡದ ನಲ್ಲಿಗಳಿಗೆ ಬರುವ ಪವನಾ ನದಿಯ ನೀರು ನಿಗಡಿಯಲ್ಲೇ ಶುದ್ಧಿಗೊಳ್ಳುತ್ತದೆ. ಅದರಲ್ಲಿ ಕ್ಲೋರಿನ್ ಇದೆ. 2019ರ ನವೆಂಬರಿನಲ್ಲಿ ದಿನ ಬಿಟ್ಟು ದಿನ ನೀರು ಬಿಡುವ ಪದ್ಧತಿ ಬಂದಾಗ ಎಲ್ಲರೂ ಗೊಣಗಿದರು, ಗೊಣಗಬೇಕಾದದ್ದೇ; ಆದರೆ ತೆರೆದ ಪೀಪಾಯಿಯಲ್ಲಿ ಒಂದು ದಿನ ನಿಂತ ನೀರಿನಿಂದ ಕ್ಲೋರಿನ್ ಹಾರಿಹೋಗುವುದರಿಂದ ಮೀನಿನವನಿಗೆ ಅದೊಂದು ಅನುಕೂಲವೇ. ಕೊಳವೆಬಾವಿಯ ಟ್ಯಾಂಕರ್ ನೀರು ಗಡುಸು. ಎರಡನ್ನೂ ಮನಬಂದಂತೆ ಅದಲುಬದಲು ಮಾಡಬಾರದು.

ಹಿಂದೆ ಭಾನುವಾರ ಬಂದೊಡನೆ ತೊಟ್ಟಿಯನ್ನು ಬರಿದು ಮಾಡಿ, ಕಲ್ಲುಗಳನ್ನೆಲ್ಲ ಉಜ್ಜಿ ತೊಳೆಯುವ ರೂಢಿಯಿತ್ತು. ಬಹುಕಾಲದ ಮೇಲೆ ಹಿಂದಿರುಗಿದವರು ಮರೆಯಬೇಕಾದದ್ದು ಇದನ್ನೇ. ಮೀನಿನ ಹೇಲುಚ್ಚೆಯ ವಿಷವಾದ ಅಮೋನಿಯಾವನ್ನು ಅರಗಿಸುವ ಸೂಕ್ಷ್ಮಜೀವಿಗಳು ಆ ಕಲ್ಲಿನಲ್ಲಿ, ಸೋಸುವ ಸ್ಪಂಜಿನಲ್ಲಿ ವಾಸಿಸುತ್ತವೆ. ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹಿಟ್ಟು ಹುದುಗು ಬರಲು ಹಳೆಯ ಹಿಟ್ಟಿನ ತುಸು ಶೇಷವನ್ನು ಬೆರಸುವ ನಮ್ಮ ಭಟ್ಟರಿಗೆ ಇದನ್ನು ವಿವರಿಸಬೇಕಾಗಿಲ್ಲ: ಸ್ನೇಹಿತನ ಆರೋಗ್ಯವಂತ ತೊಟ್ಟಿಯಿಂದ ಹಳೆಯ ಸ್ಪಂಜಿನ ತುಂಡೊಂದನ್ನು ತಂದು ಹಾಕಿದರೆ ಕಾಲಾವಧಿ ಕಡಿಮೆಯಾಗುತ್ತದೆ. ಆಮೇಲೆ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಸಾಕು. ಪುಣೆಯ ಚಳಿಗಾಲದ ಇರುಳಿಗೆ ನೀರನ್ನು 25 ಡಿಗ್ರಿಯಲ್ಲಿಡುವ ಹೀಟರ್ ಅವಶ್ಯ.

ಮರಿಗಳು ಹೆಚ್ಚಾದಾಗ, ಅಥವಾ ಊರಿಗೆ ಹೊರಟಾಗ, ಮೀನನ್ನು ಪವನೆಗೋ ಇಂದ್ರಾಯಣಿಗೋ ಬಿಟ್ಟು ಪುಣ್ಯ ಕಟ್ಟಿಕೊಳ್ಳಹೋಗಬಾರದು. 1952ರಲ್ಲಿ ದೇಶಕ್ಕೆ ತಂದ ಆಫ್ರಿಕ ಮೂಲದ ತಿಲಾಪಿಯಾ, ಅದೂ ಸಿಕ್ಲಿಡೇ, ದೇಶದ ಕೆರೆ ನದಿಗಳಿಗೆ ಹಬ್ಬಿ ಅಲ್ಲಿನ ಮೀನುಗಳ ಅನ್ನ ಕಸಿದಿದೆ. ಅಂಗಡಿಗೆ ಮರಳಿಸಬಹುದು, ಇಲ್ಲವೇ ಪರಿಚಯದ ಹೋಟೆಲಿನ ಗಲ್ಲಾದ ಪಕ್ಕದ ದೊಡ್ಡ ತೊಟ್ಟಿಗೆ ಕೊಡಬಹುದು, ಅಲ್ಲಿ ಫ್ಲವರ್‌ಹಾರ್ನ್ ಇಲ್ಲದಿದ್ದರೆ.