ಒಂದೊಂದೇ ಫ್ರೇಮ್ ಸೇವ್ ಮಾಡಿ, ಪ್ಲೀಸ್! (ಭಾಗ 4)

ನೇರವಾಗಿ ಹೇಳ್ತೀನಿ: ದುಡ್ಡಿಲ್ಲದ ನಮ್ಮಂಥವರು ಅನಿಮೇಷನ್ ಅನ್ನು ನೇರ ವೀಡಿಯೊ ಫೈಲಾಗಿ ರೆಂಡರ್ ಮಾಡಲೇಬಾರದು. ಪ್ರತಿ ಫ್ರೇಮನ್ನೂ ಬೇರೆ ಬೇರೆ ಪಿಎನ್‌ಜಿ ಚಿತ್ರವಾಗಿ ಉಳಿಸಬೇಕು.

ಲೆಕ್ಕ ನೋಡಿ. ಸೆಕೆಂಡಿಗೆ 24 ಫ್ರೇಮ್ ಅಂದ್ರೆ 10 ಸೆಕೆಂಡಿಗೆ 240. ನನ್ನ ಹಳೇ ಲ್ಯಾಪ್‌ಟಾಪಲ್ಲಿ ಒಂದಕ್ಕೆ 3 ನಿಮಿಷ. ಒಟ್ಟು 12 ಗಂಟೆ!

ಹೋದ ಸೆಮಿಸ್ಟರ್‌ನಲ್ಲಿ, ವಿಜಯನಗರದ ನಮ್ಮ ಮನೇಲಿ, ಎಂಪಿ4ಗೆ ರೆಂಡರ್ ಇಟ್ಟು ಮಲಗಿದ್ದೆ. ಬೆಳಗಿನ ಜಾವ ಕರೆಂಟ್ ಹೋಯ್ತು. ಬ್ಯಾಟರಿ ಸತ್ತು ಎಷ್ಟೋ ದಿನ ಆಗಿತ್ತು. ಎದ್ದು ನೋಡಿದ್ರೆ ಫೈಲ್ ಓಪನ್ನೇ ಆಗ್ಲಿಲ್ಲ. ಅವತ್ತೇ ಸಬ್ಮಿಷನ್. ಖಾಲಿ ಕೈಲಿ ಹೋದೆ.

ಚಿತ್ರಗಳಾಗಿದ್ರೆ ನಿಂತ ಫ್ರೇಮಿಂದಲೇ ಮುಂದುವರಿಸಬಹುದಿತ್ತು. ಬ್ಲೆಂಡರ್‌ನಲ್ಲಿ ‘ಓವರ್‌ರೈಟ್’ ಆಫ್ ಮಾಡಿ, ಆಗಿರೋ ಫ್ರೇಮ್‌ಗಳನ್ನು ಅದೇ ಬಿಟ್ಟು ಮುಂದೆ ಹೋಗುತ್ತೆ. ಒಂದು ಫ್ರೇಮ್ ಕೆಟ್ಟರೆ ಅದೊಂದನ್ನೇ ಮತ್ತೆ ಮಾಡಿದ್ರೆ ಸಾಕು. ಈ ಸಲ 1ರಿಂದ 120 ನನ್ನ ಹತ್ರ, ಉಳಿದರ್ಧ ರಾಜಾಜಿನಗರದ ಗೆಳೆಯನ ಹತ್ರ. ಕೊನೆಗೆ ಪೆನ್‌ಡ್ರೈವಲ್ಲಿ ಜೋಡಣೆ. ಜಾಗ ಜಾಸ್ತಿ ತಿನ್ನುತ್ತೆ, ಒಪ್ಪಿದೆ. ಆದ್ರೆ ಕಳೆದುಹೋದ ರಾತ್ರಿಗಿಂತ ಅದು ಅಗ್ಗ.

ಇದು ಬಡವರ ಜುಗಾಡ್ ಅಂತ ನಗಬೇಡಿ. 1982ರ ‘ಟ್ರಾನ್’ ಚಿತ್ರದ ಕಂಪ್ಯೂಟರ್ ದೃಶ್ಯಗಳನ್ನೂ ಪರದೆಯಿಂದ ಒಂದೊಂದೇ ಫ್ರೇಮಾಗಿ ಫಿಲ್ಮಿಗೆ ಇಳಿಸಿದ್ದು. 2025ರಲ್ಲಿ ಆಸ್ಕರ್ ಗೆದ್ದ ‘ಫ್ಲೋ’ ಆಗಿದ್ದು ಬ್ಲೆಂಡರ್‌ನಲ್ಲೇ. ಅವರಿಗೆ ತಂಡ ಇತ್ತು, ಬಜೆಟ್ ಇತ್ತು, ನಿಜ. ಆದ್ರೆ ಸಾಫ್ಟ್‌ವೇರ್ ನಾವೂ ಫ್ರೀಯಾಗಿ ಇಳಿಸಿಕೊಳ್ಳೋದೇ.

ಗ್ರಾಫಿಕ್ಸ್ ಕಾರ್ಡ್ ಬರಲಿ ಅಂತ ಕಾಯ್ತಾ ಕೂರಬೇಡಿ. ಹನಿ ಹನಿ ಕೂಡಿದ್ರೇ ಹಳ್ಳ.

ನಿಮ್ಮ ರೆಂಡರ್ ಎಷ್ಟನೇ ಫ್ರೇಮಲ್ಲಿ ಕೈಕೊಟ್ಟಿದೆ? ಕಾಮೆಂಟಲ್ಲಿ ಹೇಳಿ 👇

#ಒಂದೊಂದೇಫ್ರೇಮ್ #ಕನ್ನಡಅನಿಮೇಷನ್