ಒಂದು ವರ್ಷ ಕೂಡಿಸಲೇನ್ರಿ ಸರ?

ಕಳೆದ ವಾರ ಬೇಳೆ ತರಲು ನೆಹರು ಗಂಜಿಗೆ ಹೋಗಿದ್ದೆ. ಅಡತಿ ಅಂಗಡಿಯೊಂದರ ಗುಮಾಸ್ತರು, ನನ್ನ ಹಳೆಯ ವಿದ್ಯಾರ್ಥಿನಿಯ ತಂದೆ, ಖಾತೆ ಪುಸ್ತಕ ಮುಚ್ಚಿ ಹೊರಗೆ ಬಂದರು.

"ಸರ, ಮಗಳು ವಕೀಲಿ ಓದ್ತೀನಿ ಅಂತಾಳ್ರಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಸೀಟು ಸಿಗಲಿಲ್ಲ. ಇಲ್ಲೇ ಲಾಹೋಟಿ ಕಾಲೇಜಿಗೆ ಹಚ್ಚಲೋ, ಒಂದು ವರ್ಷ ಮನ್ಯಾಗ ಕೂಡಿಸಲೋ? ತೊಗರಿ ಇಟ್ಟರ ರೇಟ್ ಬರ್ತದಲ್ರಿ."

"ಇಟ್ಟ ತೊಗರಿಗಿ ಹುಳಾನೂ ಬೀಳ್ತದಲ್ರಿ" ಎಂದೆ.

ಅವರು ದನಿ ತಗ್ಗಿಸಿದರು. "ಅದೇ ಅಂಜಿಕಿ ಸರ. ಕೂತರ ನಮ್ಮಣ್ಣ ವರ ತರ್ತಾನ."

ನಾನು ವಿಜ್ಞಾನದ ಮಾಸ್ತರ. ಕಾನೂನು ನನ್ನ ವಿಷಯವಲ್ಲ, ಆದರೆ ಲೆಕ್ಕ ಬಿಡಿಸಬಲ್ಲೆ. ಪಾಲಕರು ಹೇಳುವ 'ಒಂದು ವರ್ಷ' ನಿಜಕ್ಕೂ ವರ್ಷವಲ್ಲ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ 'ಕ್ಲಾಟ್' ಈಚಿನ ವರ್ಷಗಳಲ್ಲಿ ಡಿಸೆಂಬರಿನಲ್ಲೇ ನಡೆಯುತ್ತಿದೆ. ಕಾಲೇಜು ಸೇರುವ ಹೊತ್ತಿನಿಂದ ಎಣಿಸಿದರೆ ಐದಾರು ತಿಂಗಳು. 2 ಗಂಟೆ, 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಎಲ್ಲವೂ ಇಂಗ್ಲಿಷಿನಲ್ಲಿ, ಅದೂ ಉದ್ದುದ್ದ ಪರಿಚ್ಛೇದ ಓದಿ ಉತ್ತರಿಸುವ ಬಗೆ. ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಸೋಲುವುದು ಇಲ್ಲಿ, ಓದುವ ವೇಗದಲ್ಲಿ. ದಿನವೂ ಇಂಗ್ಲಿಷ್ ಪತ್ರಿಕೆ ಹಿಡಿದು ಕೂತರೆ ಐದಾರು ತಿಂಗಳಲ್ಲಿ ಅದು ಸುಧಾರಿಸುತ್ತದೆ.

ಇಲ್ಲಿ ಸೇರಿಕೊಂಡೇ ಮತ್ತೆ ಪರೀಕ್ಷೆ ಬರೆಯಬಹುದು. ವಯಸ್ಸಿನ ಮೇಲ್ಮಿತಿಯೂ ಇಲ್ಲ. ಒಂದೇ ತೊಡಕು: ಸೀಟು ಸಿಕ್ಕರೆ ಮತ್ತೆ ಮೊದಲ ವರ್ಷದಿಂದಲೇ ಓದಬೇಕು. ವಕೀಲರ ಪರಿಷತ್ತಿನ 2008ರ ನಿಯಮಗಳು ನಡುವೆ ಸೇರುವುದನ್ನು ಒಪ್ಪುವುದಿಲ್ಲ. ಹಾಗಾಗಿ ಕಟ್ಟಿದ ಶುಲ್ಕ ಹೋದಂತೆಯೇ ಎಂದು ತಿಳಿಯಿರಿ. ಮೂಲ ಅಂಕಪಟ್ಟಿ, ಟಿ.ಸಿ. ಯಾವಾಗ ಮರಳಿ ಕೊಡುತ್ತಾರೆಂದು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಿ.

ಬೆಂಗಳೂರಿನ ಹೆಸರು ದೊಡ್ಡದು, ನಿಜ. ದೊಡ್ಡ ಕಂಪನಿಗಳ ಕೆಲಸಕ್ಕೆ ಅದು ಹತ್ತಿರದ ದಾರಿ. ವರ್ಷದ ಖರ್ಚೂ ಲಕ್ಷಗಳಲ್ಲೇ. ಆದರೆ ಈ ಹುಡುಗಿ ನಿಲ್ಲಬೇಕೆಂದಿರುವುದು ನಮ್ಮೂರಿನ ಹೈಕೋರ್ಟಿನಲ್ಲಿ. 2008ರಲ್ಲಿ ಸಂಚಾರಿ ಪೀಠವಾಗಿ ಬಂದದ್ದು 2013ರಲ್ಲಿ ಕಾಯಂ ಆಯಿತು. ಯಾವ ಕಾಲೇಜಿನಲ್ಲಿ ಓದಿದರೂ ವಕೀಲಿಗೆ ಬರೆಯಬೇಕಾದ ಅಖಿಲ ಭಾರತ ಪರೀಕ್ಷೆ ಒಂದೇ, ಅದನ್ನು ಕನ್ನಡದಲ್ಲೂ ಬರೆಯಬಹುದು.

ನಾನೂ ಪಿಯುಸಿ ಮುಗಿಸಿ ವೈದ್ಯಕೀಯ ಸೀಟಿಗೆಂದು ಒಂದು ವರ್ಷ ಕೂತವನು. ಬೆಳಿಗ್ಗೆ ಭೌತಶಾಸ್ತ್ರ, ಮಧ್ಯಾಹ್ನ ಕೇರಂ, ಸಂಜೆ ಮನೆಯವರು ಹೇಳಿದ ಕೆಲಸ. ಮನೆಯಲ್ಲಿ ಇರುವವನು ಬಿಡುವಾಗಿದ್ದಾನೆಂದೇ ಎಲ್ಲರ ಲೆಕ್ಕ. ಹುಡುಗಿಯಾದರೆ ಕೇಳಲೇಬೇಡಿ. ಹೋದ ಸಲ ಕೂದಲೆಳೆಯಲ್ಲಿ ಸೀಟು ತಪ್ಪಿ, ಓದಲು ಒಂದು ಕೋಣೆ ಬಿಟ್ಟುಕೊಟ್ಟು, ನೀರು ತಾ, ರೊಟ್ಟಿ ಬಡಿ ಎನ್ನದೆ ಇರಬಲ್ಲ ಪಾಲಕರಿದ್ದರೆ ಕೂಡಿಸಿ. ನಾನು ಬೇಡವೆನ್ನುವುದಿಲ್ಲ.

ರವಿವಾರ ಹುಡುಗಿಯನ್ನೇ ಕರೆಸಿ ಕೇಳಿದೆ. "ಮನ್ಯಾಗ ಓದಾಕ ಬಿಡಂಗಿಲ್ರಿ ಸರ. ಕಾಲೇಜಿಗಿ ಹೋದರ ಲೈಬ್ರರಿ ಆದರೂ ಸಿಗ್ತದ. ಡಿಸೆಂಬರದಾಗ ಇನ್ನೊಮ್ಮೆ ಬರೀತೀನಿ" ಎಂದಳು. ತಂದೆ ಒಂದು ನಿಮಿಷ ಸುಮ್ಮನೆ ಕೂತರು. ಆಮೇಲೆ ಕೇಳಿದರು: "ಫಾರ್ಮಿಗಿ ಫೋಟೋ ಎಷ್ಟು ಬೇಕ್ರಿ ಸರ?"