ಬೀಗರ ಜಗಳದಲ್ಲಿ ಬೇಕರಿಯವನಿಗೆ ಪೆಟ್ಟು

ಇಂಗ್ಲೆಂಡಿನ ರಾಜಮನೆತನ ಅಂದ್ರೆ ಅಪ್ಪಟ ಇಂಗ್ಲಿಷರು ಅಂತ ನಾನೂ ಬಹಳ ದಿನ ನಂಬಿದ್ದೆ. ವಂಶವೃಕ್ಷ ಹಿಡಿದು ಕೂತರೆ ಬೇರುಗಳೆಲ್ಲ ಜರ್ಮನಿಯಲ್ಲಿ!

ಇದಕ್ಕೆ ಕಾರಣ 1701ರ ಒಂದು ಕಾಯ್ದೆ. ಕ್ಯಾಥೊಲಿಕರಿಗೂ, ಕ್ಯಾಥೊಲಿಕರನ್ನು ಮದುವೆಯಾದವರಿಗೂ ಸಿಂಹಾಸನ ಇಲ್ಲ. (ಮದುವೆಯ ಅಡ್ಡಿ ಹೋದದ್ದು 2015ರಲ್ಲಿ, ನೋಡಿ!) ಅದಕ್ಕೇ 1714ರಲ್ಲಿ ಐವತ್ತಕ್ಕೂ ಹೆಚ್ಚು ಹತ್ತಿರದ ನೆಂಟರನ್ನು ಬಿಟ್ಟು ಹ್ಯಾನೋವರಿನ ಜಾರ್ಜ್‌ನನ್ನು ಕರೆತಂದು ಕೂರಿಸಿದರು. ಆಮೇಲೆ ಸಂಬಂಧ ಹುಡುಕುವಾಗ ರಾಜಮನೆತನವೂ ಆಗಿರಬೇಕು, ಪ್ರೊಟೆಸ್ಟೆಂಟೂ ಆಗಿರಬೇಕು. ಅಂಥದ್ದು ಸಲೀಸಾಗಿ ಸಿಗ್ತಿದ್ದದ್ದು ಚೂರುಚೂರಾಗಿದ್ದ ಜರ್ಮನಿಯಲ್ಲಿ. ತಾಲೂಕಿನಷ್ಟು ರಾಜ್ಯ, ಅದಕ್ಕೊಬ್ಬ ಡ್ಯೂಕ್, ಅವನಿಗೆ ಮದುವೆಗೆ ಬಂದ ಮಕ್ಕಳು. ವಿಕ್ಟೋರಿಯಾಳ ತಾಯಿ ಕೋಬರ್ಗಿನವಳು; 1840ರಲ್ಲಿ ಕೈಹಿಡಿದ ಆಲ್ಬರ್ಟ್ ಅದೇ ಮನೆಯವನು, ಸೋದರಮಾವನ ಮಗ. ನಮ್ಮ ಕಡೆಯ ಹಾಗೇ!

ಇಷ್ಟೆಲ್ಲಾ ಬೀಗತನ ಇದ್ರೆ ಯುದ್ಧ ನಿಲ್ಲಬೇಕಿತ್ತಲ್ವಾ? 1914ರಲ್ಲಿ ಐದನೇ ಜಾರ್ಜ್‌ಗೆ ಜರ್ಮನಿಯ ಕೈಸರ್ ಸೋದರತ್ತೆ ಮಗ, ರಷ್ಯಾದ ನಿಕೋಲಾಸ್ ಚಿಕ್ಕಮ್ಮನ ಮಗ. ನಿಕೋಲಾಸನ ಹೆಂಡತಿಯೂ ಜಾರ್ಜ್‌ಗೆ ಸೋದರತ್ತೆ ಮಗಳೇ. ಆದ್ರೂ ಲಕ್ಷಾಂತರ ಜನ ಸತ್ತರು.

ರಾಜನ ರಕ್ತ ಜರ್ಮನ್ ಅಂತ ನನಗೇನೂ ತಕರಾರಿಲ್ಲ. ನನಗೆ ಸಿಟ್ಟು ಬರೋದು ಹೆಸರಿನ ವಿಷಯಕ್ಕೆ. 1917ರ ಜುಲೈನಲ್ಲಿ ಜಾರ್ಜ್ ಒಂದು ಘೋಷಣೆ ಹೊರಡಿಸಿದ, ಸ್ಯಾಕ್ಸ್-ಕೋಬರ್ಗ್ ಮನೆತನ ವಿಂಡ್ಸರ್ ಆಯ್ತು. ನೆಂಟರಾದ ಬ್ಯಾಟನ್‌ಬರ್ಗ್‌ನವರು ಮೌಂಟ್‌ಬ್ಯಾಟನ್ ಆದರು (ನಮ್ಮ ಕೊನೆಯ ವೈಸರಾಯ್ ಹುಟ್ಟಿದ್ದು ಹಳೇ ಹೆಸರಿನಲ್ಲೇ). ಜಾಣತನ ಅಂತ ಇದನ್ನು ಹೊಗಳೋರಿದ್ದಾರೆ. ಆದ್ರೆ ಇಂಗ್ಲೆಂಡಿನಲ್ಲಿದ್ದ ಸಾಮಾನ್ಯ ಜರ್ಮನರು ಹೀಗೆ ಹೆಸರು ಬದಲಿಸಿಕೊಳ್ಳೋ ಹಾಗಿಲ್ಲ ಅಂತ 1914ರಲ್ಲೇ ಆಜ್ಞೆ ಆಗಿತ್ತು! 1915ರ ಮೇ ತಿಂಗಳಲ್ಲಿ ಜರ್ಮನರು ಲುಸಿಟಾನಿಯಾ ಹಡಗು ಮುಳುಗಿಸಿದಾಗ ಲಂಡನ್, ಲಿವರ್‌ಪೂಲ್‌ಗಳಲ್ಲಿ ಜನ ಬೋರ್ಡಿನ ಹೆಸರು ನೋಡಿ ಬೇಕರಿ, ಮಾಂಸದಂಗಡಿಗಳನ್ನು ಒಡೆದು ಲೂಟಿ ಮಾಡಿದರು. ಗಂಡಸರನ್ನು ಸಾವಿರಗಟ್ಟಲೆ ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರಕ್ಕೆ ಹಾಕಿದರು.

ಇನ್ನೊಂದು ಕೇಳಿ. ಲಂಡನ್ನಿನಲ್ಲೇ ಹುಟ್ಟಿ ಬೆಳೆದ ಹುಡುಗಿ ಜರ್ಮನ್ ಬೇಕರಿಯವನನ್ನು ಮದುವೆಯಾಗಿದ್ರೆ, ಅವಳ ಬ್ರಿಟಿಷ್ ಪೌರತ್ವ ಮದುವೆಯ ದಿನವೇ ಹೋಗ್ತಿತ್ತು. ಯುದ್ಧ ಬಂದಾಗ ಕಾನೂನಿನ ಲೆಕ್ಕದಲ್ಲಿ ಅವಳೂ ಶತ್ರು ದೇಶದವಳೇ. ಆಗ ಅರಮನೆಯಲ್ಲಿದ್ದ ರಾಣಿ ಮೇರಿಯೂ ಲಂಡನ್ನಿನಲ್ಲೇ ಹುಟ್ಟಿದವಳು... ಅವಳಪ್ಪ ಜರ್ಮನಿಯ ವುರ್ಟೆಂಬರ್ಗ್ ರಾಜಮನೆತನದವನು.